ಹೀಬ್ರೂ ಹೆಸರುಗಳು, ಗ್ರೀಕ್ ವಿಭಕ್ತಿಗಳು: ಒಂದು ಆನ್‌ಲೈನ್ ಕೋರ್ಸಿನ ವಿಮರ್ಶೆ

ಮತ್ತಾಯನ ಸುವಾರ್ತೆಯ ಗ್ರೀಕ್ ಮೂಲ ‘ಬಿಬ್ಲೊಸ್ ಗೆನೆಸೆಯೋಸ್ ಇಯೇಸೂ ಖ್ರಿಸ್ತೂ ಹುಯಿಯೂ ದವುಯಿದ್ ಹುಯಿಯೂ ಅಬ್ರಆಮ್’ ಎಂದು ಆರಂಭವಾಗುತ್ತದೆ. ಅಬ್ರಹಾಮನ ಮಗನಾದ ದಾವೀದನ ಮಗನಾದ ಯೇಸು ಕ್ರಿಸ್ತನ ವಂಶಾವಳಿಯ ಗ್ರಂಥ ಎಂಬುದು ಇದರ ಅರ್ಥ. ಈ ಒಂದೇ ಸಾಲಿನಲ್ಲಿರುವ ಮೂರು ಹೀಬ್ರೂ ಹೆಸರುಗಳೂ ಷಷ್ಠೀ ವಿಭಕ್ತಿಯಲ್ಲಿವೆ. ಆದರೆ ಷಷ್ಠಿಯ ಗುರುತು ಕಾಣುವುದು ಯೇಸುವಿನ ಹೆಸರಿನಲ್ಲಿ ಮಾತ್ರ: ಪ್ರಥಮೆಯ ‘ಇಯೇಸೂಸ್’ ಇಲ್ಲಿ ‘ಇಯೇಸೂ’ ಆಗಿದೆ. ದಾವೀದನ ಹೆಸರೂ ಅಬ್ರಹಾಮನ ಹೆಸರೂ ಎಲ್ಲ ವಿಭಕ್ತಿಗಳಲ್ಲಿಯೂ ಹೇಗಿರುತ್ತವೆಯೋ ಹಾಗೆಯೇ, ಯಾವ ಪ್ರತ್ಯಯವನ್ನೂ ತೊಡದೆ ನಿಂತಿವೆ. ಒಂದೇ ಭಾಷೆಯಿಂದ ಬಂದ ಹೆಸರುಗಳಲ್ಲಿ ಕೆಲವಕ್ಕೆ ಗ್ರೀಕ್ ವ್ಯಾಕರಣ ಏಕೆ ಅಂಟಿತು, ಕೆಲವಕ್ಕೆ ಏಕೆ ಅಂಟಲಿಲ್ಲ ಎಂಬ ಪ್ರಶ್ನೆಯೊಂದನ್ನೇ ಹಿಡಿದು ರೂಪಿಸಿದ ಧ್ವನಿಮುದ್ರಿತ ಕೋರ್ಸೊಂದು ಸಿಕ್ಕಿದ್ದರಿಂದ, ಶುಲ್ಕ ಕಟ್ಟಿ ಅದನ್ನು ಪೂರ್ತಿಯಾಗಿ ಮುಗಿಸಿದೆ. ಅದರ ಗುಣದೋಷಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೋರ್ಸಿನ ಹೆಸರನ್ನಾಗಲಿ ಅದನ್ನು ನಡೆಸುವವರ ಹೆಸರನ್ನಾಗಲಿ ಹೇಳುತ್ತಿಲ್ಲ. ಮುಂದೆ ಹೇಳುವ ದೋಷಗಳಲ್ಲಿ ಹಲವು ಈ ಬಗೆಯ ಎಲ್ಲ ಕಲಿಕಾ ಸಾಮಗ್ರಿಗಳಲ್ಲಿಯೂ ಇರಬಹುದಾದವು. ಆದ್ದರಿಂದ ಇದೇ ವಿಷಯದ ಬೇರೆ ಯಾವ ಕೋರ್ಸನ್ನಾದರೂ ಕೊಳ್ಳುವ ಮೊದಲು ಏನನ್ನು ಪರೀಕ್ಷಿಸಬೇಕು ಎಂಬುದು ಓದುಗರಿಗೆ ತಿಳಿದರೆ ಸಾಕು. ಕೋರ್ಸಿನಲ್ಲಿ ಆರು ಭಾಗಗಳ ವಿಡಿಯೊ ಪಾಠಗಳು, ಮುದ್ರಿಸಿಕೊಳ್ಳಬಹುದಾದ ವಿಭಕ್ತಿ ಕೋಷ್ಟಕಗಳು ಮತ್ತು ರೂಪಗಳನ್ನು ಗುರುತಿಸುವ ಅಭ್ಯಾಸಕ್ಕೆಂದು ಒಂದು ತಂತ್ರಾಂಶ ಇವೆ. ಗ್ರೀಕ್ ಅಕ್ಷರಗಳನ್ನೂ ನಾಮಪದಗಳ ಮೂರು ಮುಖ್ಯ ಗಣಗಳನ್ನೂ (ಒಂದೇ ಮಾದರಿಯಲ್ಲಿ ವಿಭಕ್ತಿ ಪಡೆಯುವ ಪದಗಳ ಗುಂಪುಗಳನ್ನೂ) ಅರಿತವರಿಗೆ ಮಾತ್ರ ಇದು ದಕ್ಕುತ್ತದೆ. ‘ಯಾರು ಬೇಕಾದರೂ ಕಲಿಯಬಹುದು’ ಎಂಬ ಜಾಹೀರಾತಿನ ಮಾತನ್ನು ನಂಬಬೇಕಾಗಿಲ್ಲ.

ಮೊದಲ ಭಾಗ ಉಚ್ಚಾರಣೆಯದು. ಧ್ವನಿಮುದ್ರಣದ ಸ್ಪಷ್ಟತೆಯಲ್ಲಿಯೂ ವಿವರಣೆಯ ಸಾವಧಾನದಲ್ಲಿಯೂ ಇದು ಇಡೀ ಕೋರ್ಸಿನ ಅತ್ಯಂತ ಅಚ್ಚುಕಟ್ಟಾದ ಭಾಗ. ಗ್ರೀಕಿನಲ್ಲಿ ‘ಶ’ಕಾರವಿಲ್ಲದ್ದರಿಂದ ಯೇಸುವಿನ ಹೀಬ್ರೂ ಹೆಸರಾದ ‘ಯೇಶೂಅ’ದ ಶಕಾರ ಸಕಾರವಾಯಿತು; ಕೊನೆಯಲ್ಲಿದ್ದ ‘ಅಯಿನ್’ ಎಂಬ ಗಂಟಲಿನ ಧ್ವನಿ ಬಿದ್ದುಹೋಯಿತು; ಪುಲ್ಲಿಂಗದ ಪ್ರಥಮಾ ಪ್ರತ್ಯಯವಾದ ಸಕಾರ ಸೇರಿ ‘ಇಯೇಸೂಸ್’ ಹುಟ್ಟಿತು. ಇಷ್ಟು ಎಲ್ಲ ಪಠ್ಯಗಳಲ್ಲಿಯೂ ಸಿಗುತ್ತದೆ. ಇಲ್ಲಿನ ಬೋಧಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಹೀಬ್ರೂವಿನ ‘ಹೇತ್’ ಎಂಬ ಒಂದೇ ಅಕ್ಷರ ‘ರಾಹೇಲ’ಳ ಹೆಸರಿನಲ್ಲಿ ಗ್ರೀಕಿನ ‘ಖಿ’ ಆಗಿ ‘ರಖೇಲ್’ ಎಂಬ ರೂಪ ಕೊಟ್ಟರೆ, ‘ಇಸಾಕ’ ಮತ್ತು ‘ನೋಹ’ರ ಹೆಸರುಗಳಲ್ಲಿ ಪೂರ್ತಿಯಾಗಿ ಮಾಯವಾಗಿ ‘ಇಸಆಕ್’, ‘ನೋಯೆ’ ಎಂಬ ರೂಪಗಳು ಉಳಿದವು. ಇದು ಹೀಬ್ರೂ ಗ್ರಂಥಗಳನ್ನು ಗ್ರೀಕಿಗೆ ತಂದ ಅನುವಾದಕರ ಅಜಾಗರೂಕತೆ ಎಂದು ಮೊದಲ ನೋಟಕ್ಕೆ ತೋರುತ್ತದೆ. ವಾಸ್ತವದಲ್ಲಿ ಆ ಒಂದು ಅಕ್ಷರ ಆ ಕಾಲದಲ್ಲಿ ಎರಡು ಬೇರೆ ಬೇರೆ ಧ್ವನಿಗಳನ್ನು ಹೊತ್ತಿತ್ತು. ಅವುಗಳಲ್ಲಿ ಹೆಚ್ಚು ಒರಟಾದುದು ಗ್ರೀಕರ ಕಿವಿಗೆ ‘ಖ’ದಂತೆ ಕೇಳಿಸಿತು, ಮೃದುವಾದುದು ಕೇಳಿಸಲೇ ಇಲ್ಲ. ‘ಅಯಿನ್’ ಅಕ್ಷರದ ಕಥೆಯೂ ಇದೇ: ‘ಗಾಜಾ’, ‘ಗೊಮೊರ್ರ’ಗಳಲ್ಲಿ ಅದು ಗಕಾರವಾಗಿ ಉಳಿದಿದೆ, ‘ಯಾಕೋಬ’ನ ಹೆಸರಿನಲ್ಲಿ ಗುರುತೇ ಇಲ್ಲದಂತೆ ಹೋಗಿದೆ. ಹೀಬ್ರೂ ಬರವಣಿಗೆ ಮರೆಮಾಚಿದ ಭೇದವೊಂದನ್ನು ಗ್ರೀಕ್ ಲಿಪ್ಯಂತರ ಕಾಪಾಡಿಕೊಂಡು ಬಂದಿದೆ ಎಂಬುದನ್ನು ಉದಾಹರಣೆಗಳ ಮೂಲಕವೇ ತೋರಿಸಿರುವುದು ಈ ಪಾಠದ ಹೆಚ್ಚುಗಾರಿಕೆ.

ಇದೇ ಭಾಗದಲ್ಲಿ ನಡುವೆ ನುಸುಳಿದ ವ್ಯಂಜನಗಳ ಚರ್ಚೆ ಬರುತ್ತದೆ. ‘ಎಜ್ರ’ ಗ್ರೀಕಿನಲ್ಲಿ ‘ಎಸ್ದ್ರಾಸ್’ ಆಗುತ್ತಾನೆ, ‘ಶಿಂಶೋನ್’ ‘ಸಂಪ್ಸೋನ್’ ಆಗುತ್ತಾನೆ, ‘ಮಮ್ರೇ’ ಎಂಬ ಸ್ಥಳ ‘ಮಂಬ್ರೇ’ ಆಗುತ್ತದೆ. ಮೂಲದಲ್ಲಿ ಇಲ್ಲದ ದಕಾರ, ಪಕಾರ, ಬಕಾರಗಳು ಎಲ್ಲಿಂದ ಬಂದವು ಎಂದು ಕೇಳಿದರೆ, ಮಕಾರಕ್ಕೆ ಮುಚ್ಚಿದ ತುಟಿ ರಕಾರಕ್ಕೆ ತೆರೆಯುವ ಕ್ಷಣದಲ್ಲಿ ಬಕಾರ ತಾನಾಗಿಯೇ ಕೇಳಿಸುತ್ತದೆ ಎಂದು ಬೋಧಕರು ನಿಧಾನವಾಗಿ ಉಚ್ಚರಿಸಿ ತೋರಿಸುತ್ತಾರೆ. ಅವರೊಂದಿಗೆ ನಾವೂ ಬಾಯಿಬಿಟ್ಟು ಹೇಳಿಕೊಂಡರೆ ಬೇರೆ ವಿವರಣೆ ಬೇಕಾಗುವುದಿಲ್ಲ. ಕೋರ್ಸಿನ ರೋಮನ್ ಲಿಪ್ಯಂತರದಲ್ಲಿ ಹ್ರಸ್ವದೀರ್ಘಗಳನ್ನು ತೋರಿಸಲು ಅಕ್ಷರದ ಮೇಲೆ ಗೆರೆ ಎಳೆಯುತ್ತಾರೆ, ಅದೂ ಎಲ್ಲೆಡೆಯೂ ಒಂದೇ ರೀತಿ ಇಲ್ಲ. ಕನ್ನಡಿಗರು ಟಿಪ್ಪಣಿಗಳನ್ನು ಕನ್ನಡ ಲಿಪಿಯಲ್ಲಿಯೇ ಬರೆದುಕೊಳ್ಳುವುದು ಮೇಲು. ಗ್ರೀಕಿನ ಎರಡು ಎಕಾರಗಳಿಗೂ ಎರಡು ಒಕಾರಗಳಿಗೂ ನಮ್ಮಲ್ಲಿ ಬೇರೆ ಬೇರೆ ಅಕ್ಷರಗಳಿವೆ.

ಎರಡನೆಯ ಭಾಗದಿಂದ ವ್ಯಾಕರಣ ಆರಂಭವಾಗುತ್ತದೆ. ಕನ್ನಡದಲ್ಲಿ ಹೊರಗಿನ ಹೆಸರೊಂದು ಬಂದರೆ ಅದರ ಕೊನೆಗೆ ಪ್ರತ್ಯಯ ಹಚ್ಚಿದರೆ ಮುಗಿಯಿತು, ಹೆಸರು ಹಾಗೆಯೇ ಉಳಿಯುತ್ತದೆ. ಗ್ರೀಕಿನಲ್ಲಿ ಹಾಗಲ್ಲ. ಅಲ್ಲಿ ಪ್ರಥಮಾ ವಿಭಕ್ತಿಗೇ ತನ್ನದೊಂದು ಅಂತ್ಯವಿದೆ, ಬೇರೆ ವಿಭಕ್ತಿಗಳಲ್ಲಿ ಆ ಅಂತ್ಯವನ್ನು ತೆಗೆದು ಇನ್ನೊಂದನ್ನು ಇಡಬೇಕು. ಆದ್ದರಿಂದ ಹೊರಗಿನ ಹೆಸರು ಮೊದಲು ಯಾವುದಾದರೂ ಒಂದು ಗಣಕ್ಕೆ ಸೇರಲೇಬೇಕು. ಸಾಲದೆಂಬಂತೆ, ಕೆಲವು ಚಿಕ್ಕ ಪದಗಳನ್ನು ಬಿಟ್ಟರೆ ಗ್ರೀಕ್ ಪದಗಳು ಸ್ವರದಲ್ಲಿ ಇಲ್ಲವೇ ನಕಾರ, ರಕಾರ, ಸಕಾರಗಳಲ್ಲಿ ಮಾತ್ರ ಕೊನೆಗೊಳ್ಳುತ್ತವೆ. ಮಕಾರಾಂತವಾದ ‘ಅಬ್ರಆಮ್’, ದಕಾರಾಂತವಾದ ‘ದವುಯಿದ್’, ಬಕಾರಾಂತವಾದ ‘ಇಯಕೋಬ್’ ಇವು ಗ್ರೀಕನ ಕಿವಿಗೆ ಕೇಳಿದೊಡನೆಯೇ ಪರದೇಶಿ ಎಂದು ಗೊತ್ತಾಗುವ ಹೆಸರುಗಳು.

ಸುಲಭವಾಗಿ ಒಗ್ಗಿದ ಹೆಸರುಗಳನ್ನು ಕೋರ್ಸು ಚೆನ್ನಾಗಿ ಗುಂಪು ಮಾಡಿದೆ. ‘ಯಾಹು’ ಅಥವಾ ‘ಯಾ’ ಎಂದು ಮುಗಿಯುವ ಪ್ರವಾದಿಗಳ ಹೆಸರುಗಳು ‘ಇಯಾಸ್’ ಎಂಬ ಅಂತ್ಯ ಪಡೆದು ‘ಇಯೆರೆಮಿಯಾಸ್’, ‘ಜಖರಿಯಾಸ್’ ಆದವು. ಅವುಗಳ ಷಷ್ಠೀ ‘ಇಯೆರೆಮಿಯೂ’, ‘ಜಖರಿಯೂ’. ದೀರ್ಘ ಆಕಾರದಲ್ಲಿ ಮುಗಿಯುವ ‘ಯೆಹೂದಾ’ ಒಂದು ಸಕಾರ ಪಡೆದು ‘ಇಯೂದಾಸ್’ ಆಯಿತು, ಷಷ್ಠಿಯಲ್ಲಿ ಆ ಸಕಾರ ಕಳಚಿ ‘ಇಯೂದಾ’ ಎಂದು ಮೂಲರೂಪಕ್ಕೆ ಮರಳಿತು. ಅರಾಮಿಕ್ ಭಾಷೆಯ ‘ಕೇಫಾ’ ಕೂಡ ಇದೇ ದಾರಿಯಲ್ಲಿ ‘ಕೇಫಾಸ್’ ಆಯಿತು. ‘ಯೋಹಾನಾನ್’ ತನ್ನ ಕೊನೆಯ ಅಕ್ಷರಗಳನ್ನು ಬಿಟ್ಟುಕೊಟ್ಟು ‘ಇಯೋಆನ್ನೇಸ್’ ಆಯಿತು, ಷಷ್ಠಿಯಲ್ಲಿ ‘ಇಯೋಆನ್ನೂ’. ‘ಜಕ್ಕಾಯ್’ ಎಂಬಂಥ ಹೆಸರುಗಳಿಗೆ ‘ಆಯೊಸ್’ ಎಂಬ ಅಂತ್ಯ ಸಿದ್ಧವಾಗಿಯೇ ಇತ್ತು, ‘ಜಕ್ಖಾಯೊಸ್’. ಸ್ತ್ರೀಯರ ಹೆಸರುಗಳ ಬಗ್ಗೆ ಕೋರ್ಸು ತೀರ ಅವಸರದಲ್ಲಿ ಮಾತು ಮುಗಿಸಿಬಿಟ್ಟಿದೆ. ಲೂಕನ ಮೊದಲ ಅಧ್ಯಾಯವೊಂದೇ ಒಂದು ಪಾಠಕ್ಕೆ ಸಾಕಾಗುತ್ತಿತ್ತು: 27ನೆಯ ವಚನದಲ್ಲಿ ಕನ್ಯೆಯ ಹೆಸರು ‘ಮರಿಯಮ್’ ಎಂದು ಹೀಬ್ರೂ ರೂಪದಲ್ಲಿಯೇ ಇದೆ, 41ನೆಯ ವಚನದಲ್ಲಿ ‘ಮರಿಯಳ ವಂದನೆ’ ಎಂದು ಷಷ್ಠೀ ಬೇಕಾದಾಗ ಲೇಖಕ ‘ತೇಸ್ ಮರಿಯಾಸ್’ ಎಂಬ ಗ್ರೀಕ್ ರೂಪಕ್ಕೆ ಸರಿದುಬಿಡುತ್ತಾನೆ. ಒಬ್ಬಳೇ ವ್ಯಕ್ತಿ, ಒಂದೇ ಅಧ್ಯಾಯ, ಎರಡು ವ್ಯಾಕರಣ.

ಈ ಭಾಗದ ಕೋಷ್ಟಕಗಳನ್ನು ಕುರಿತು ನನ್ನ ಮೊದಲ ದೊಡ್ಡ ಆಕ್ಷೇಪ. ಪ್ರತಿಯೊಂದು ಹೆಸರಿಗೂ ಒಂದೊಂದೇ ರೂಪಾವಳಿ ಕೊಟ್ಟು, ಅದನ್ನೇ ‘ಸರಿಯಾದ ರೂಪ’ ಎಂದು ಕರೆದಿದ್ದಾರೆ. ಮೋಶೆಯ ಹೆಸರನ್ನು ನೋಡಿದರೆ ಈ ಪದ್ಧತಿ ಎಷ್ಟು ದಾರಿ ತಪ್ಪಿಸುತ್ತದೆ ಎಂಬುದು ಗೊತ್ತಾಗುತ್ತದೆ. ಹಳೆಯ ಒಡಂಬಡಿಕೆಯ ಗ್ರೀಕ್ ಅನುವಾದವಾದ ಸೆಪ್ಟುವಜಿಂಟಿನಲ್ಲಿ ‘ಮೋಯುಸೇಸ್’ ಎಂಬುದರ ಷಷ್ಠೀ ‘ಮೋಯುಸೇ’. ಹೊಸ ಒಡಂಬಡಿಕೆಯಲ್ಲಿ ಷಷ್ಠೀ ‘ಮೋಯುಸೆಯೋಸ್’, ಅಂದರೆ ‘ಬಸಿಲೆಯುಸ್’ (ಅರಸ) ಎಂಬ ಪದದ ಮಾದರಿ. ದ್ವಿತೀಯೆಯಲ್ಲಿಯೂ ಇದೇ ಇಬ್ಬಗೆ: ಲೂಕ 16:29ರಲ್ಲಿ ‘ಅವರಿಗೆ ಮೋಶೆಯೂ ಪ್ರವಾದಿಗಳೂ ಇದ್ದಾರೆ’ ಎನ್ನುವಲ್ಲಿ ಅರಸನ ಮಾದರಿಯ ‘ಮೋಯುಸೆಯ’ ಎಂಬ ರೂಪವಿದೆ, ಅದೇ ಲೇಖಕನದೆಂದು ಒಪ್ಪಿಕೊಂಡಿರುವ ಅಪೊಸ್ತಲರ ಕೃತ್ಯಗಳು 7:35ರಲ್ಲಿ ‘ಮೋಯುಸೇನ್’ ಎಂದಿದೆ. ಯೇಸುವಿನ ಹೆಸರಿನಲ್ಲಿಯೂ ಕೋಷ್ಟಕ ಮುಚ್ಚಿಟ್ಟ ಒಂದು ರೂಪವಿದೆ. ಯೆಹೋಶುವನ ಹೆಸರಾಗಿ ಇದು ಧರ್ಮೋಪದೇಶಕಾಂಡ 3:21ರಲ್ಲಿ ಬರುವಾಗ ಚತುರ್ಥೀ ‘ಇಯೇಸೊಯ್’ ಎಂದಿದೆ. ಹೊಸ ಒಡಂಬಡಿಕೆಯಲ್ಲಿ ಷಷ್ಠೀ, ಚತುರ್ಥೀ, ಸಂಬೋಧನೆಗಳಿಗೆಲ್ಲ ‘ಇಯೇಸೂ’ ಒಂದೇ. ಒಂದೇ ಹೆಸರು ಶತಮಾನಗಳ ನಡುವೆ ತನ್ನ ರೂಪಾವಳಿಯನ್ನು ಹೇಗೆ ಸವೆಸಿಕೊಂಡಿತು ಎಂಬುದನ್ನು ತೋರಿಸುವ ಇಂಥ ಅವಕಾಶವನ್ನು ಕೋಷ್ಟಕದ ಅಂದಕ್ಕಾಗಿ ಬಲಿಕೊಟ್ಟಿದ್ದಾರೆ.

ಮೂರನೆಯ ಭಾಗ ಪ್ರತ್ಯಯವಿಲ್ಲದ ಹೆಸರುಗಳದು. ವಿಭಕ್ತಿಯೇ ಇಲ್ಲದಿದ್ದರೆ ಕರ್ತೃ ಯಾರು, ಕರ್ಮ ಯಾರು ಎಂದು ತಿಳಿಯುವುದು ಹೇಗೆ? ಮತ್ತಾಯ 1:2ರಿಂದಲೇ ಉತ್ತರ ತೆಗೆದಿದ್ದಾರೆ: ‘ಅಬ್ರಆಮ್ ಎಗೆನ್ನೇಸೆನ್ ತೊನ್ ಇಸಆಕ್, ಇಸಆಕ್ ದೆ ಎಗೆನ್ನೇಸೆನ್ ತೊನ್ ಇಯಕೋಬ್’. ಹುಟ್ಟಿಸಿದವನ ಹೆಸರಿಗೆ ಆರ್ಟಿಕಲ್ (ಇಂಗ್ಲಿಷಿನ ‘ದಿ’ಯಂಥ ಪದ) ಇಲ್ಲ; ಹುಟ್ಟಿದವನ ಹೆಸರಿನ ಮುಂದೆ ‘ತೊನ್’ ಎಂಬ ದ್ವಿತೀಯಾ ವಿಭಕ್ತಿಯ ಆರ್ಟಿಕಲ್ ಇದೆ. ಹೆಸರು ಮಾಡಬೇಕಾದ ಕೆಲಸವನ್ನು ಅದರ ಮುಂದಿನ ಪುಟ್ಟ ಪದ ಮಾಡುತ್ತದೆ. ಪಟ್ಟಿ ಯೂದನಿಗೆ ಬಂದಾಗ ‘ತೊನ್ ಇಯೂದಾನ್’ ಎಂದು ಆರ್ಟಿಕಲ್ಲೂ ಪ್ರತ್ಯಯವೂ ಎರಡೂ ಕಾಣಿಸಿಕೊಳ್ಳುತ್ತವೆ, ದಾವೀದನ ಬಳಿ ಮತ್ತೆ ಪ್ರತ್ಯಯ ಮಾಯ, ಸೊಲೊಮೋನನ ಬಳಿ ‘ತೊನ್ ಸೊಲೊಮೋನ’ ಎಂದು ಮತ್ತೆ ಹಾಜರು. ಲೂಕನ ಮೂರನೆಯ ಅಧ್ಯಾಯದ ವಂಶಾವಳಿಯಲ್ಲಿ ಇದೇ ಉಪಾಯ ಇನ್ನೂ ದೂರ ಹೋಗಿದೆ. ಅಲ್ಲಿ ‘ಮಗ’ ಎಂಬ ಪದ ಆರಂಭದಲ್ಲಿ ಒಮ್ಮೆ ಬಂದರೆ ಮುಗಿಯಿತು. ಮುಂದಿನದೆಲ್ಲ ಹೆಸರಿನ ಮೇಲೆ ಹೆಸರು, ಪ್ರತಿಯೊಂದರ ಮುಂದೆ ‘ತೂ’ ಎಂಬ ಷಷ್ಠಿಯ ಆರ್ಟಿಕಲ್, ‘ತೂ ಅದಾಮ್ ತೂ ಥೆಯೂ’ ಎಂದು ಆದಾಮನನ್ನೂ ದೇವರನ್ನೂ ಮುಟ್ಟುವವರೆಗೆ. ಆ ಸರಪಣಿಯಲ್ಲಿ ಯೋಸೇಫನ ಹೆಸರಿನ ಮುಂದೆ ಮಾತ್ರ ‘ತೂ’ ಇಲ್ಲ. ‘ಜನರು ಎಣಿಸಿದಂತೆ’ ಎಂಬ ಮಾತಿನ ಪಕ್ಕದಲ್ಲಿರುವುದು ಆ ಹೆಸರೇ. ಇದರಿಂದ ಏನನ್ನು ತಿಳಿಯಬೇಕು ಎಂಬ ತೀರ್ಪನ್ನು ಬೋಧಕರು ಕೊಡದೆ, ಗಮನಿಸಿ ಎಂದಷ್ಟೇ ಹೇಳಿ ಮುಂದೆ ಸಾಗುತ್ತಾರೆ. ಆ ಸಂಯಮ ನನಗೆ ಹಿಡಿಸಿತು.

ಆದರೆ ಈ ಭಾಗದ ಚೌಕಟ್ಟಿನಲ್ಲಿಯೇ ಒಂದು ಕೊರತೆ ಇದೆ. ಪ್ರತ್ಯಯ ಹತ್ತಿದ ಹೆಸರು ಒಗ್ಗಿದ ಹೆಸರು, ಹತ್ತದ್ದು ಒಗ್ಗದೆ ಉಳಿದ ಹೆಸರು ಎಂಬಂತೆ, ಬೋಳಾಗಿ ನಿಂತ ರೂಪವನ್ನು ಒಂದು ಸೋಲಿನ ಹಾಗೆ ಇಲ್ಲಿ ವಿವರಿಸಲಾಗಿದೆ. ಗ್ರೀಕರ ಹಳೆಯ ಅಭ್ಯಾಸವನ್ನು ನೆನೆದರೆ ಚಿತ್ರ ತಲೆಕೆಳಗಾಗುತ್ತದೆ. ಅವರು ಪರಭಾಷೆಯ ಹೆಸರನ್ನು ಬೋಳಾಗಿ ಬಿಡುವವರೇ ಆಗಿರಲಿಲ್ಲ. ಕ್ರಿ.ಪೂ. 5ನೆಯ ಶತಮಾನದ ಹೆರೊಡೋಟಸ್, ಪಾರಸೀಕರ ಹೆಸರುಗಳೆಲ್ಲ ಒಂದೇ ಅಕ್ಷರದಲ್ಲಿ, ಅಂದರೆ ಗ್ರೀಕಿನ ಸಕಾರವಾದ ಸಿಗ್ಮದಲ್ಲಿ ಮುಗಿಯುತ್ತವೆ, ಇದು ಸ್ವತಃ ಪಾರಸೀಕರಿಗೇ ಗೊತ್ತಿಲ್ಲ ಎಂದು ಗಂಭೀರವಾಗಿ ಬರೆದಿದ್ದಾನೆ. ‘ಕ್ಷಯಾರ್ಶಾ’ ಎಂಬ ಅರಸನನ್ನು ‘ಕ್ಸೆರ್ಕ್ಸೇಸ್’ ಮಾಡಿದ್ದು ಗ್ರೀಕರ ಪ್ರಥಮಾ ಪ್ರತ್ಯಯ. ಪಾರಸೀಕರಿಗೆ ಗೊತ್ತಿಲ್ಲದ್ದರಲ್ಲಿ ಆಶ್ಚರ್ಯವೇನಿದೆ! ಇಂಥ ಭಾಷೆಗೆ ಕ್ರಿ.ಪೂ. 3ನೆಯ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ಧರ್ಮಶಾಸ್ತ್ರದ ಐದು ಗ್ರಂಥಗಳನ್ನು ತಂದ ಯೆಹೂದಿ ಅನುವಾದಕರು ‘ಅಬ್ರಆಮ್’, ‘ಇಯಕೋಬ್’, ‘ಇಯೋಸೇಫ್’ ಎಂದು ಹೆಸರುಗಳನ್ನು ಇದ್ದಂತೆಯೇ ಬಿಟ್ಟರು. ಅವರಿಗೆ ಪ್ರತ್ಯಯ ಹಚ್ಚಲು ಬರುತ್ತಿರಲಿಲ್ಲ ಎನ್ನುವಂತಿಲ್ಲ, ‘ಮೋಯುಸೇಸ್’, ‘ಇಯೇಸೂಸ್’ ಎಂಬ ರೂಪಗಳು ಅದೇ ಪುಟಗಳಲ್ಲಿವೆ. ಆದ್ದರಿಂದ ಬೋಳು ಹೆಸರೇ ಇಲ್ಲಿ ವಿವರಣೆ ಬೇಡುವ ಸಂಗತಿ. ಗ್ರೀಕನಿಗೆ ಒರಟಾಗಿ ಕೇಳಿಸಿದರೂ ಪಿತೃಗಳ ಹೆಸರಿನ ಅಕ್ಷರ ಕದಲಬಾರದು ಎಂಬ ಒಲವು ಅದರ ಹಿಂದೆ ಇದ್ದಿರಬೇಕು ಎಂಬುದು ನನ್ನ ಅಭಿಪ್ರಾಯ. ಆದಿಕಾಂಡ 17ನೆಯ ಅಧ್ಯಾಯ ಅದಕ್ಕೆ ಬೆಂಬಲ ಕೊಡುತ್ತದೆ: ಅಲ್ಲಿ ‘ಅಬ್ರಾಮ್’ ಒಂದು ಸ್ವರ ಹೆಚ್ಚಾಗಿ ‘ಅಬ್ರಆಮ್’ ಆಗುತ್ತಾನೆ, ‘ಸಾರಾ’ ಒಂದು ರಕಾರ ಹೆಚ್ಚಾಗಿ ‘ಸಾರ್ರಾ’ ಆಗುತ್ತಾಳೆ. ದೇವರೇ ಒಂದೊಂದು ಅಕ್ಷರವನ್ನು ಬದಲಿಸುವ ಕಥೆಯಲ್ಲಿ ಅನುವಾದಕ ತನ್ನದೂ ಒಂದಿರಲಿ ಎಂದು ಸಕಾರ ಸೇರಿಸಲು ಹಿಂಜರಿದರೆ ಅದು ಸಹಜವೇ.

ಕೋರ್ಸಿನ ತನ್ನದೇ ನಾಲ್ಕನೆಯ ಭಾಗ ಈ ಕೊರತೆಗೆ ಉತ್ತರ ಕೊಡುತ್ತದೆ ಎಂಬುದು ವಿಚಿತ್ರ. ಜೋಸೀಫಸನನ್ನು ಕುರಿತ ಈ ಪಾಠಕ್ಕಾಗಿಯೇ ಶುಲ್ಕ ಕೊಡಬಹುದು. ಯೆರೂಸಲೇಮಿನ ಯಾಜಕ ಮನೆತನದ ಈ ಇತಿಹಾಸಕಾರ ರೋಮಿನಲ್ಲಿ ಕುಳಿತು ಕ್ರಿ.ಶ. 93–94ರಲ್ಲಿ ಮುಗಿಸಿದ ‘ಯೆಹೂದ್ಯರ ಪುರಾತನ ಇತಿಹಾಸ’ದ 20 ಸಂಪುಟಗಳಲ್ಲಿ ಬೋಳು ಹೆಸರುಗಳಿಗೆ ಜಾಗವೇ ಇಲ್ಲ ಎನ್ನಬಹುದು. ಅಬ್ರಹಾಮ ‘ಹಬ್ರಮೊಸ್’ ಆಗುತ್ತಾನೆ, ಇಸಾಕ ‘ಇಸಕೊಸ್’, ಯಾಕೋಬ ‘ಇಯಕೋಬೊಸ್’, ದಾವೀದ ‘ದವುಯಿದೇಸ್’, ಸಮುವೇಲ ‘ಸಮೂಏಲೊಸ್’. ಏಕೆ ಹೀಗೆ ಎಂಬುದನ್ನು ಆತ ಮೊದಲ ಸಂಪುಟದಲ್ಲಿ ತಾನೇ ಹೇಳಿದ್ದಾನೆ. ಬರವಣಿಗೆಯ ಸೊಗಸಿಗಾಗಿ, ಓದುವವರ ಸಂತೋಷಕ್ಕಾಗಿ ಹೆಸರುಗಳನ್ನು ಗ್ರೀಕ್ ಮಾಡಲಾಗಿದೆ. ಇದು ನಮ್ಮ ನಾಡಿನ ರೂಢಿಯಲ್ಲ. ನಮ್ಮಲ್ಲಿ ಹೆಸರಿಗೆ ಒಂದೇ ಆಕಾರ, ಒಂದೇ ಅಂತ್ಯ. ಇಲ್ಲಿ ‘ನೋಖೊಸ್’ ಎಂದಿರುವವನು ನಮ್ಮಲ್ಲಿ ‘ನೋಯೆ’, ಎಲ್ಲ ರೂಪಗಳಲ್ಲಿಯೂ ಹಾಗೆಯೇ ಇರುತ್ತಾನೆ ಎಂಬುದು ಆ ಮಾತಿನ ಸಾರ. ತನ್ನ ಕಾಲದ ವ್ಯಾಕರಣದ ಬಿಕ್ಕಟ್ಟನ್ನು ಲೇಖಕನೇ ಹೀಗೆ ಬಾಯಿಬಿಟ್ಟು ಹೇಳಿರುವ ಸಾಕ್ಷ್ಯ ಪ್ರಾಚೀನ ಸಾಹಿತ್ಯದಲ್ಲಿ ಅಪರೂಪ. ಬೋಧಕರು ಆ ವಾಕ್ಯವನ್ನು ಮೂಲದಲ್ಲಿ ಪದಪದವಾಗಿ ಬಿಡಿಸಿ ಓದುತ್ತಾರೆ. ಮೋಶೆಯ ಹೆಸರಿಗೆ ಈಜಿಪ್ಟಿನವರು ನೀರಿಗೆ ‘ಮೋಯು’ ಎನ್ನುತ್ತಾರೆ, ನೀರಿನಿಂದ ಉಳಿದವರಿಗೆ ‘ಎಸೇಸ್’ ಎನ್ನುತ್ತಾರೆ ಎಂದು ಜೋಸೀಫಸ್ ಕೊಟ್ಟ ವ್ಯುತ್ಪತ್ತಿಯನ್ನೂ ಇಲ್ಲಿಯೇ ತಂದಿದ್ದಾರೆ. ಆ ವ್ಯುತ್ಪತ್ತಿ ನಿಲ್ಲುವುದು ಗ್ರೀಕ್ ರೂಪದ ಮೇಲೆಯೇ ಹೊರತು ಹೀಬ್ರೂವಿನ ‘ಮೋಶೆ’ಯ ಮೇಲಲ್ಲ ಎಂಬುದನ್ನು ಅವರು ಹೇಳಬಹುದಿತ್ತು, ಹೇಳಿಲ್ಲ.

ಐದನೆಯ ಭಾಗದಲ್ಲಿ ಒಂದೇ ಹೆಸರಿಗೆ ಇರುವ ಎರಡು ರೂಪಗಳ ಚರ್ಚೆ ಇದೆ. ‘ಇಯಕೋಬ್’ ಎಂದರೆ ಪಿತೃವಾದ ಯಾಕೋಬ, ‘ಇಯಕೋಬೊಸ್’ ಎಂದರೆ ಹೊಸ ಒಡಂಬಡಿಕೆಯ ಕಾಲದ ಯಾಕೋಬ. ಹಳಬನಿಗೆ ಬೋಳು ರೂಪ, ಸಮಕಾಲೀನನಿಗೆ ಗ್ರೀಕ್ ರೂಪ. ಪೌಲನ ಹಿಂದಿನ ಹೆಸರಿನಲ್ಲಿ ಈ ಭೇದ ನಾಟಕೀಯವಾಗಿದೆ. ಅಪೊಸ್ತಲರ ಕೃತ್ಯಗಳಲ್ಲಿ ಕಥೆ ಹೇಳುವಾಗ ಅವನು ‘ಸೌಲೊಸ್’, ವಿಭಕ್ತಿಗೆ ತಕ್ಕಂತೆ ಬದಲಾಗುವ ಹೆಸರು. ದಮಸ್ಕದ ದಾರಿಯಲ್ಲಿ ಆಕಾಶವಾಣಿ ಕರೆಯುವಾಗಲಾದರೋ ‘ಸಊಲ್, ಸಊಲ್’. ಆ ಧ್ವನಿ ಹೀಬ್ರೂ ಭಾಷೆಯಲ್ಲಿ ಮಾತಾಡಿತು ಎಂದು 26:14ರಲ್ಲಿ ಸ್ಪಷ್ಟವಾಗಿ ಹೇಳಿದೆ. ಹೆಸರಿನ ಅಂತ್ಯವನ್ನು ತೆಗೆದುಹಾಕುವುದರಿಂದಲೇ ಗ್ರೀಕ್ ವಾಕ್ಯದೊಳಗೆ ಬೇರೆ ಭಾಷೆ ಕೇಳಿಸುವಂತೆ ಲೇಖಕ ಮಾಡಿದ್ದಾನೆ. ಯೆರೂಸಲೇಮಿನ ಹೆಸರಿನಲ್ಲಿಯೂ ಇಂಥದೇ ಒಂದು ಸಂಗತಿ ಇದೆ. ‘ಇಯೆರೂಸಲೇಮ್’ ಎಂಬ ಬೋಳು ರೂಪದ ಜೊತೆಗೆ ‘ಹಿಯೆರೊಸೊಲುಮ’ ಎಂಬ ನಪುಂಸಕ ಬಹುವಚನದ ರೂಪವೂ ಬಳಕೆಯಲ್ಲಿತ್ತು. ‘ಹಿಯೆರೊಸ್’ ಅಂದರೆ ಪವಿತ್ರ, ಆ ಪದದ ನೆರಳು ಗ್ರೀಕರ ಕಿವಿಗೆ ಇದರಲ್ಲಿ ತಾನಾಗಿ ಬೀಳುತ್ತದೆ. ಮತ್ತಾಯ ಸಾಮಾನ್ಯವಾಗಿ ಗ್ರೀಕ್ ರೂಪವನ್ನೇ ಬಳಸುತ್ತಾನೆ. ಒಂದೇ ಒಂದು ಕಡೆ, 23:37ರಲ್ಲಿ, ಯೇಸು ಊರನ್ನೇ ಕರೆದು ದುಃಖಿಸುವಾಗ ‘ಇಯೆರೂಸಲೇಮ್, ಇಯೆರೂಸಲೇಮ್’ ಎಂದು ಬರೆಯುತ್ತಾನೆ. ಈ ಎರಡು ಕರೆಗಳನ್ನು ಕೋರ್ಸು ಬೇರೆ ಬೇರೆ ಪಾಠಗಳಲ್ಲಿ ಇಟ್ಟಿದೆ. ಅಕ್ಕಪಕ್ಕ ಇಟ್ಟಿದ್ದರೆ ಅರ್ಧ ಗಂಟೆಯ ಉಪನ್ಯಾಸ ಉಳಿಯುತ್ತಿತ್ತು.

ಹೆಸರನ್ನೇ ಬಿಟ್ಟು ಹೋಲುವ ಗ್ರೀಕ್ ಹೆಸರನ್ನು ಹಿಡಿದವರ ಬಗ್ಗೆಯೂ ಒಂದು ಚಿಕ್ಕ ಪಾಠವಿದೆ. ಕ್ರಿ.ಪೂ. 2ನೆಯ ಶತಮಾನದಲ್ಲಿ ಯೆಹೋಶುವ ಎಂಬ ಮಹಾಯಾಜಕ ತನ್ನನ್ನು ‘ಇಯಾಸೋನ್’ ಎಂದು ಕರೆದುಕೊಂಡದ್ದನ್ನು ಜೋಸೀಫಸ್ ದಾಖಲಿಸಿದ್ದಾನೆ. ‘ಶಿಮೋನ್’ ಎಂಬುವವರಿಗೆ ಇಷ್ಟೂ ಕಷ್ಟವಿರಲಿಲ್ಲ; ‘ಸಿಮೋನ್’ ಎಂಬ ಅಪ್ಪಟ ಗ್ರೀಕ್ ಹೆಸರು ಮೊದಲೇ ಇತ್ತು.

ಇನ್ನು ಅಭ್ಯಾಸದ ತಂತ್ರಾಂಶ. ಪರದೆಯ ಮೇಲೆ ಒಂದು ವಾಕ್ಯ ಬರುತ್ತದೆ, ಅದರಲ್ಲಿ ಗೆರೆ ಎಳೆದ ಹೆಸರಿನ ವಿಭಕ್ತಿಯನ್ನು ಆರಿಸಬೇಕು. ನೋಡಲು ಸೊಗಸಾಗಿದೆ, ಫೋನಿನಲ್ಲಿಯೂ ಚೆನ್ನಾಗಿ ನಡೆಯುತ್ತದೆ. ಆದರೆ ಅದು ಹೆಸರಿನ ಬಾಲವನ್ನು ನೋಡುತ್ತದೆಯೇ ಹೊರತು ವಾಕ್ಯವನ್ನು ನೋಡುವುದಿಲ್ಲ. ಸೆಪ್ಟುವಜಿಂಟಿನ ಅರಸುಗಳ ಗ್ರಂಥದಲ್ಲಿ ಎಲೀಯನ ಹೆಸರು ‘ಏಲಿಯಾಸ್’ ಎಂದಿಲ್ಲ; ಹೀಬ್ರೂವಿನ ‘ಏಲಿಯಾಹು’ವನ್ನು ನೇರವಾಗಿ ಬರೆದ ‘ಏಲಿಯೂ’ ಎಂಬ ರೂಪವೇ ಎಲ್ಲ ವಿಭಕ್ತಿಗಳಲ್ಲಿಯೂ ಇದೆ. ಅದು ‘ಏಲಿಯಾಸ್’ ಎಂಬುದರ ಷಷ್ಠಿಯಂತೆಯೇ ಕಾಣುತ್ತದೆ. ‘ಕಯ್ ಎಯ್ಪೆನ್ ಏಲಿಯೂ ಹೊ ಪ್ರೊಫೇತೇಸ್ ಹೊ ಥೆಸ್ಬಿತೇಸ್’, ಅಂದರೆ ‘ತಿಷ್ಬೀಯನಾದ ಪ್ರವಾದಿ ಎಲೀಯನು ಹೇಳಿದನು’ ಎಂಬ ವಾಕ್ಯದಲ್ಲಿ ಹೇಳಿದವನು ಅವನೇ. ಮುಂದಿನ ‘ಹೊ ಪ್ರೊಫೇತೇಸ್’ ಪ್ರಥಮೆಯಲ್ಲಿರುವುದರಿಂದ ಸಂಶಯಕ್ಕೆ ಎಡೆಯೇ ಇಲ್ಲ. ಪ್ರಥಮಾ ಎಂದು ಒತ್ತಿದರೆ ತಂತ್ರಾಂಶ ಕೆಂಪು ಗುರುತು ಹಾಕಿ, ‘ಊ’ ಎಂಬ ಅಂತ್ಯ ಷಷ್ಠಿಯದು ಎಂದು ಬುದ್ಧಿ ಹೇಳುತ್ತದೆ. ಮೂರನೆಯ ಭಾಗದಲ್ಲಿ ಆರ್ಟಿಕಲ್ಲನ್ನು ನೋಡಿ ಎಂದು ಬೋಧಕರು ಅಷ್ಟು ಒತ್ತಿ ಕಲಿಸಿದ್ದನ್ನು ಅವರದೇ ಯಂತ್ರ ಅಳಿಸಿಹಾಕುತ್ತದೆ.

ಸೊಲೊಮೋನನ ಮಂಟಪದ ವಿಷಯದಲ್ಲಿಯೂ ಇದೇ ಕಥೆ. ಯೋಹಾನ 10:23ರಲ್ಲಿ ಯೇಸು ತಿರುಗಾಡುತ್ತಿದ್ದ ಮಂಟಪ ‘ಸೊಲೊಮೋನೊಸ್’, ಅಪೊಸ್ತಲರ ಕೃತ್ಯಗಳು 3:11ರಲ್ಲಿ ಅದೇ ಮಂಟಪ ‘ಸೊಲೊಮೋನ್ತೊಸ್’. ಎರಡೂ ಷಷ್ಠಿಯೇ, ಎರಡನೆಯದರಲ್ಲಿ ‘ಕ್ಸೆನೊಫೋನ್’ ಮುಂತಾದ ಗ್ರೀಕ್ ಹೆಸರುಗಳ ಮಾದರಿಯಲ್ಲಿ ತಕಾರವೊಂದು ಸೇರಿದೆ. ಸೆಪ್ಟುವಜಿಂಟಿನಲ್ಲಿ ‘ಸಲೋಮೋನ್’ ಎಂದು ಪ್ರತ್ಯಯವಿಲ್ಲದೆಯೂ ಇರುತ್ತದೆ. ಷಷ್ಠೀ ರೂಪವನ್ನು ಟೈಪ್ ಮಾಡಿ ಎಂಬ ಪ್ರಶ್ನೆಗೆ ತಕಾರವಿರುವ ರೂಪ ಬರೆದರೆ ತಪ್ಪು. ಇದನ್ನು ಬೆಂಬಲ ವಿಭಾಗಕ್ಕೆ ವಚನಸಂಖ್ಯೆ ಸಹಿತ ಬರೆದು ತಿಳಿಸಿದೆ. ಕೋಷ್ಟಕವನ್ನು ಮತ್ತೊಮ್ಮೆ ಓದಿ ಎಂಬ ಸಿದ್ಧ ಉತ್ತರ ಬಂತು. ಕೋಷ್ಟಕವೇ ತಪ್ಪಿನ ಮೂಲ ಎನ್ನುವವನಿಗೆ ಕೋಷ್ಟಕವನ್ನೇ ತೋರಿಸುವ ಸೇವೆಗೆ ನಾನು ಹೆಚ್ಚಿನ ಅಂಕ ಕೊಡಲಾರೆ. ಕೊನೆಯ ಪ್ರಮಾಣಪತ್ರ ಈ ತಂತ್ರಾಂಶದ ಅಂಕಗಳ ಮೇಲೆ ನಿಂತಿರುವುದರಿಂದ, ಪ್ರಮಾಣಪತ್ರ ಬೇಕೆನ್ನುವವರು ತಮಗೆ ಗೊತ್ತಿರುವ ಸರಿ ಉತ್ತರವನ್ನು ಬದಿಗಿಟ್ಟು ಯಂತ್ರದ ಉತ್ತರವನ್ನು ಒಪ್ಪಿಸಬೇಕಾಗುತ್ತದೆ.

ಆರನೆಯ ಭಾಗ ಹಸ್ತಪ್ರತಿಗಳದು, ಚಿಕ್ಕದು, ಅತ್ಯುತ್ತಮವಾದುದು. ಹಳೆಯ ಲಿಪಿಕಾರರು ಪವಿತ್ರ ಹೆಸರುಗಳನ್ನು ಸಂಕ್ಷೇಪಿಸಿ ಮೇಲೊಂದು ಗೆರೆ ಎಳೆಯುತ್ತಿದ್ದರು. ಯೇಸುವಿನ ಹೆಸರಿಗೆ ಸಾಮಾನ್ಯವಾಗಿ ಮೊದಲ ಅಕ್ಷರ ಮತ್ತು ಕೊನೆಯ ಅಕ್ಷರ: ಪ್ರಥಮೆಯಲ್ಲಿ ಇಯೋತ-ಸಿಗ್ಮ, ಷಷ್ಠಿಯಲ್ಲಿ ಇಯೋತ-ಉಪ್ಸಿಲೊನ್, ದ್ವಿತೀಯೆಯಲ್ಲಿ ಇಯೋತ-ನು. ಹೆಸರಿನ ನಡುಭಾಗವೆಲ್ಲ ಹೋದರೂ ವಿಭಕ್ತಿಯ ಅಕ್ಷರ ಹೋಗುವುದಿಲ್ಲ. ದಾವೀದನ ಹೆಸರಿನ ಸಂಕ್ಷೇಪ ದೆಲ್ತ-ಅಲ್ಫ-ದೆಲ್ತ. ಅದು ಎಲ್ಲ ವಿಭಕ್ತಿಗಳಿಗೂ ಒಂದೇ, ಏಕೆಂದರೆ ಕಾಪಾಡಬೇಕಾದ ಪ್ರತ್ಯಯವೇ ಅಲ್ಲಿಲ್ಲ. ಈ ಪಾಠದಲ್ಲಿ ತೋರಿಸುವ ಚಿತ್ರಗಳು ಮಸುಕಾಗಿವೆ, ಅದಕ್ಕಾಗಿ ಬೇಸರಿಸಬೇಕಾಗಿಲ್ಲ. 4ನೆಯ ಶತಮಾನದ ಸಿನಾಯ್ ಹಸ್ತಪ್ರತಿಯ ಹಾಳೆಗಳು ಬ್ರಿಟಿಷ್ ಲೈಬ್ರರಿ, ಲೈಪ್‌ಜಿಗ್ ವಿಶ್ವವಿದ್ಯಾಲಯದ ಗ್ರಂಥಾಲಯ, ಸಿನಾಯ್ ಬೆಟ್ಟದ ಸಂತ ಕ್ಯಾಥರೀನ್ ಮಠ ಮತ್ತು ರಷ್ಯಾದ ರಾಷ್ಟ್ರೀಯ ಗ್ರಂಥಾಲಯಗಳಲ್ಲಿ ಹಂಚಿಹೋಗಿದ್ದು, 2009ರಿಂದ ಎಲ್ಲವೂ ಒಂದೇ ಜಾಲತಾಣದಲ್ಲಿ ಉಚಿತವಾಗಿ, ಅಕ್ಷರದ ಶಾಯಿ ಕಾಣುವಷ್ಟು ದೊಡ್ಡದಾಗಿ ಸಿಗುತ್ತವೆ. ಪಾಠವನ್ನು ಒಂದು ಕಿಟಕಿಯಲ್ಲಿ, ಹಸ್ತಪ್ರತಿಯನ್ನು ಇನ್ನೊಂದು ಕಿಟಕಿಯಲ್ಲಿ ತೆರೆದಿಟ್ಟುಕೊಂಡು ಮತ್ತಾಯನ ಮೊದಲ ಅಧ್ಯಾಯವನ್ನು ಓದುವುದು ಒಳ್ಳೆಯ ಅಭ್ಯಾಸ.

ಕೊಳ್ಳಬೇಕೇ ಎಂದು ಕೇಳಿದರೆ, ಮೂಲ ಗ್ರೀಕನ್ನು ನಿಧಾನವಾಗಿಯಾದರೂ ಓದಬಲ್ಲವರು ಕೊಳ್ಳಬಹುದು ಎನ್ನುತ್ತೇನೆ. ಒಂದು, ನಾಲ್ಕು ಮತ್ತು ಆರನೆಯ ಭಾಗಗಳು ಬಿಡಿಯಾಗಿ ಸಿಗುವುದಾದರೆ ಅವನ್ನು ಮಾತ್ರ ಕೊಂಡರೂ ನಡೆಯುತ್ತದೆ. ಕೋರ್ಸಿನವರು ಹೇಳಿದ ಅನುಕ್ರಮವನ್ನು ಬಿಟ್ಟು ಉಚ್ಚಾರಣೆಯ ಪಾಠವಾದ ಮೇಲೆ ನೇರವಾಗಿ ಜೋಸೀಫಸನ ಪಾಠಕ್ಕೆ ಹೋಗಿ, ಆಮೇಲೆ ವಿಭಕ್ತಿ ಕೋಷ್ಟಕಗಳಿಗೆ ಮರಳುವುದು ಒಳ್ಳೆಯದು. ಕೋಷ್ಟಕಗಳನ್ನು ಮುದ್ರಿಸಿಕೊಳ್ಳುವವರು ಮೋಶೆ, ಯೇಸು, ಸೊಲೊಮೋನ ಮತ್ತು ಎಲೀಯ ಈ ನಾಲ್ವರ ಸಾಲುಗಳ ಪಕ್ಕದಲ್ಲಿ ಮೇಲೆ ಹೇಳಿದ ರೂಪಗಳನ್ನು ಕೈಯಿಂದಲೇ ಬರೆದುಕೊಳ್ಳಬೇಕು. ಅಭ್ಯಾಸದ ತಂತ್ರಾಂಶವನ್ನು ತೆರೆಯದೆ ಇದ್ದರೂ ನಷ್ಟವಿಲ್ಲ.